ಊರಿನ ನಕ್ಷೆಯೂ ಒಂದು ಅಮಾನತ್

(ಜುಮುಅ ಖುತ್ಬಾದ ಸಾರಾಂಶ)

ಸರ್ವಸ್ತುತಿಯೂ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದ್ ಮುಸ್ತಫಾ (ಸ) ಅವರ ಮೇಲೆ, ಅವರ ಕುಟುಂಬದವರ ಮೇಲೆ, ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ. ಅಲ್ಲಾಹನ ಭಯಭಕ್ತಿ ಇರಲಿ ಎಂದು ಮೊದಲು ನನಗೆ ನಾನೇ ಹೇಳಿಕೊಳ್ಳುತ್ತೇನೆ, ನಂತರ ನಿಮಗೆ ಹೇಳುತ್ತೇನೆ.



ಸೂರಃ ಯೂಸುಫ್ ನಮಗೆಲ್ಲ ಗೊತ್ತು. ಈಜಿಪ್ಟಿನ ರಾಜ ಕನಸು ಕಂಡ. ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ತಿಂದುಬಿಟ್ಟವು. ಆ ಕನಸಿನ ಅರ್ಥ ಯಾರಿಗೂ ತಿಳಿಯಲಿಲ್ಲ. ಜೈಲಿನಲ್ಲಿದ್ದ ಹಝ್ರತ್ ಯೂಸುಫ್ (ಅ) ಅವರ ಬಳಿಗೆ ಆಳು ಬಂದ. ಅವರು ಅರ್ಥ ಹೇಳಿದರು, ಜೊತೆಗೆ ಒಂದು ಯೋಜನೆಯನ್ನೂ ಕೊಟ್ಟರು. ಏಳು ವರ್ಷ ಬಿಡದೆ ಬಿತ್ತಿರಿ, ತಿನ್ನಲು ಬೇಕಾದಷ್ಟನ್ನು ಮಾತ್ರ ತೆಗೆದು ಉಳಿದದ್ದನ್ನು ತೆನೆಯಲ್ಲೇ ಇಡಿ, ಮುಂದಿನ ಏಳು ವರ್ಷದ ಬರಕ್ಕೆ ಅದು ಆಗುತ್ತದೆ ಎಂದರು. ಹದಿನಾಲ್ಕು ವರ್ಷಗಳ ಯೋಜನೆ ಅದು.

ಒಂದು ವಿಷಯ ಗಮನಿಸಿ. ಆ ಊರು ಅವರ ಹುಟ್ಟೂರಲ್ಲ. ರಾಜ ಅವರ ಧರ್ಮದವನಲ್ಲ. ತಪ್ಪಿಲ್ಲದೆ ಅವರನ್ನು ಜೈಲಿಗೆ ಹಾಕಿದ್ದೂ ಅದೇ ಊರು. "ನನ್ನನ್ನು ಮೊದಲು ಬಿಡಿ, ಆಮೇಲೆ ಹೇಳುತ್ತೇನೆ" ಎಂದು ಅವರು ಷರತ್ತು ಹಾಕಲಿಲ್ಲ. "ನನ್ನ ಮಾತು ಯಾರು ಕೇಳುತ್ತಾರೆ" ಎಂದು ಸುಮ್ಮನಾಗಲೂ ಇಲ್ಲ. ಗೊತ್ತಿದ್ದದ್ದನ್ನು ಇಡೀ ದೇಶದ ಒಳಿತಿಗಾಗಿ ಹೇಳಿದರು. ಕೊನೆಗೆ ಬರಗಾಲ ಬಂದಾಗ ಅದೇ ಕಣಜದ ಮುಂದೆ ಧಾನ್ಯಕ್ಕಾಗಿ ನಿಂತವರು ಯಾರು? ಅವರ ಸ್ವಂತ ಅಣ್ಣಂದಿರು. ಊರಿಗಾಗಿ ಮಾಡಿದ ಯೋಜನೆ ತಿರುಗಿ ಮನೆಯವರ ಹೊಟ್ಟೆಯನ್ನೂ ತುಂಬಿಸಿತು.

ಇಂದಿನ ಮಾತು ಇದೇ. ನಾವು ವಾಸಿಸುವ ಊರಿನ ಮುಂದಿನ ಹತ್ತು ಇಪ್ಪತ್ತು ವರ್ಷದ ಯೋಜನೆ ಸಿದ್ಧವಾಗುವಾಗ ಅದರಲ್ಲಿ ನಮ್ಮ ಸಲಹೆ ಇರಬೇಕು. ಇದು ರಾಜಕೀಯ ಮಾಡಿದಂತಲ್ಲ, ನಮ್ಮ ಮೇಲಿರುವ ಅಮಾನತ್ತನ್ನು ತೀರಿಸಿದಂತೆ.

ತುಮಕೂರಿನಲ್ಲಿ ಅಮಾನಿಕೆರೆ ಇದೆ. 'ಅಮಾನಿ' ಎಂದರೆ ಹಳೆಯ ಕಂದಾಯ ಭಾಷೆಯಲ್ಲಿ ಸರ್ಕಾರವೇ ನೇರವಾಗಿ ನೋಡಿಕೊಳ್ಳುವ ಆಸ್ತಿ. ಈ ಮಾತೂ ನಮ್ಮ 'ಅಮಾನತ್' ಎಂಬ ಮಾತೂ ಒಂದೇ ಬೇರಿನವು. ಕೆರೆ, ರಾಜಕಾಲುವೆ, ರಸ್ತೆ, ಶಾಲೆಯ ಮೈದಾನ, ಖಬರಸ್ತಾನ್ ಎಲ್ಲವೂ ನಮ್ಮ ಕೈಯಲ್ಲಿರುವ ಅಮಾನತ್ತುಗಳು. ನಮ್ಮ ನಂತರ ಬರುವವರಿಗೆ ಅವನ್ನು ಒಪ್ಪಿಸಬೇಕು.

ಸಹೋದರರೇ, ಈಗ ನಮ್ಮ ಊರುಗಳನ್ನು ನೋಡಿ. ತುಮಕೂರು 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ರಸ್ತೆ, ಚರಂಡಿ, ಕೆರೆಯ ಸುತ್ತಮುತ್ತ ಬದಲಾದದ್ದನ್ನು ನೀವೇ ಕಂಡಿದ್ದೀರಿ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ವಸಂತನರಸಾಪುರದಲ್ಲಿ ದೊಡ್ಡ ಕೈಗಾರಿಕಾ ಪ್ರದೇಶವಿದೆ. ಕುಣಿಗಲ್ ಮೂಲಕ ಬೆಂಗಳೂರಿನಿಂದ ಹಾಸನಕ್ಕೆ 2017ರಲ್ಲಿ ರೈಲು ಶುರುವಾಯಿತು. ಕಾರ್ಖಾನೆ ಬಂದರೆ ಕೆಲಸಗಾರರು ಬರುತ್ತಾರೆ, ಬಾಡಿಗೆ ಏರುತ್ತದೆ, ಹೊಲ ಲೇಔಟ್ ಆಗುತ್ತದೆ, ನೀರಿಗೆ ಒತ್ತಡ ಬೀಳುತ್ತದೆ. ಬೆಂಗಳೂರು ಬೆಳೆದು ಬೆಳೆದು ನಮ್ಮ ಬಾಗಿಲಿಗೆ ಬರುತ್ತಿದೆ. ಇಂಥ ಬೆಳವಣಿಗೆ ಯಾವ ಕಡೆಗೆ ಹೋಗಬೇಕು ಎಂದು ನಕ್ಷೆಯಲ್ಲಿ ಮೊದಲೇ ಬರೆದಿಡುವುದಕ್ಕೇ ಮಾಸ್ಟರ್ ಪ್ಲಾನ್ ಎನ್ನುತ್ತಾರೆ.

ಈ ಕೆಲಸಕ್ಕೆ ಕಾನೂನಿದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961. ತುಮಕೂರು ನಗರದಲ್ಲಿ ಈ ಕೆಲಸ ನಗರಾಭಿವೃದ್ಧಿ ಪ್ರಾಧಿಕಾರದ್ದು, ಅಂದರೆ ನಾವು ಟೂಡಾ ಎನ್ನುವ ಕಚೇರಿಯದ್ದು. ಯಾವ ಜಾಗ ವಸತಿಗೆ, ಯಾವುದು ವ್ಯಾಪಾರಕ್ಕೆ, ಯಾವುದು ಕೈಗಾರಿಕೆಗೆ, ಎಲ್ಲಿ ಉದ್ಯಾನ, ಯಾವ ರಸ್ತೆ ಮುಂದೆ ಎಷ್ಟು ಅಡಿ ಆಗಬೇಕು, ಎಲ್ಲವನ್ನೂ ಬಣ್ಣ ಹಚ್ಚಿ ಗುರುತಿಸುತ್ತಾರೆ. ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಸರ್ವೆ ಮಾಡಿ ಪರಿಷ್ಕರಿಸಬೇಕೆಂದೂ ಕಾನೂನು ಹೇಳುತ್ತದೆ. ಸರ್ಕಾರ ತಾತ್ಕಾಲಿಕ ಒಪ್ಪಿಗೆ ಕೊಟ್ಟ ಮೇಲೆ ಕರಡನ್ನು ಪ್ರಕಟಿಸಬೇಕು. ಅಂದಿನಿಂದ ಅರವತ್ತು ದಿನ ಯಾವ ನಾಗರಿಕ ಬೇಕಾದರೂ ಲಿಖಿತವಾಗಿ ಸಲಹೆ, ಆಕ್ಷೇಪಣೆ ಕೊಡಬಹುದು. ಅವನ್ನು ಪರಿಗಣಿಸುವುದು ಪ್ರಾಧಿಕಾರದ ಕರ್ತವ್ಯ.

ಅರವತ್ತು ದಿನ, ಸಹೋದರರೇ! ಆ ದಿನಗಳಲ್ಲಿ ನಾವೆಲ್ಲಿರುತ್ತೇವೆ? ಪತ್ರಿಕೆಯ ಒಳಪುಟದಲ್ಲಿ ಬಂದ ಪ್ರಕಟಣೆಯನ್ನು ಯಾರೂ ಓದುವುದಿಲ್ಲ. ವರ್ಷಗಳ ನಂತರ ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಬಿದ್ದಾಗ, ಗಲ್ಲಿಯ ಬಾಯಿಗೆ ಜೆಸಿಬಿ ಬಂದು ನಿಂತಾಗ ಓಡುತ್ತೇವೆ. ಶಾಸಕರ ಮನೆ, ಕಾರ್ಪೊರೇಟರ್ ಮನೆ, ವಕೀಲರ ಮನೆ ಸುತ್ತುತ್ತೇವೆ. ಆಗ ಅಧಿಕಾರಿ ಒಂದೇ ಮಾತು ಕೇಳುತ್ತಾರೆ, "ಕರಡು ಪ್ರಕಟವಾದಾಗ ಯಾಕೆ ಹೇಳಲಿಲ್ಲ?" ಅದಕ್ಕೆ ನಮ್ಮಲ್ಲಿ ಏನು ಉತ್ತರವಿದೆ?

ಇಸ್ಲಾಮ್ ನಮಗೆ ಕಲಿಸಿದ್ದು ಹೀಗಲ್ಲ. ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರೇ ಅಶ್ಶೂರಾ, ಅಂದರೆ ಸಮಾಲೋಚನೆ. ಸತ್ಯವಿಶ್ವಾಸಿಗಳ ಗುಣಗಳನ್ನು ಹೇಳುವಾಗ ಅಲ್ಲಾಹನು ನಮಾಝ್ ಮತ್ತು ದಾನಗಳ ನಡುವೆ ಈ ಗುಣವನ್ನು ಇಟ್ಟಿದ್ದಾನೆ. ಅವರು ತಮ್ಮ ವ್ಯವಹಾರಗಳನ್ನು ಪರಸ್ಪರ ಮಶ್ವರದಿಂದ ನಡೆಸುತ್ತಾರೆ ಎಂಬುದು ಆ ಆಯತ್ತಿನ ಆಶಯ. ಹಾಗಿರುವಾಗ ಮಶ್ವರ ಬೇಕಾದರೆ ಮಾಡಿ ಬೇಡವಾದರೆ ಬಿಡುವ ಕೆಲಸವೇ?

ಕೆಲವರು ಹೇಳುತ್ತಾರೆ, "ಮೌಲಾನಾ, ಹೇಳಿ ಏನು ಪ್ರಯೋಜನ? ಅವರು ಮಾಡುವುದನ್ನು ಅವರು ಮಾಡುತ್ತಾರೆ." ಇವರಿಗೆ ಉಹುದ್ ನೆನಪಿಸುತ್ತೇನೆ. ಮದೀನಾದಲ್ಲೇ ಇದ್ದು ಎದುರಿಸೋಣ ಎಂಬುದು ಪ್ರವಾದಿಯವರ (ಸ) ಒಲವಾಗಿತ್ತು. ಯುವಕರು ಹೊರಗೆ ಹೋಗೋಣ ಎಂದರು. ಪ್ರವಾದಿಯವರು (ಸ) ಅವರ ಮಾತಿಗೆ ಒಪ್ಪಿದರು. ಯುದ್ಧದಲ್ಲಿ ದೊಡ್ಡ ನಷ್ಟವಾಯಿತು, ಹಝ್ರತ್ ಹಮ್ಝಾ (ರ) ಶಹೀದರಾದರು. ಇನ್ನು ಮಶ್ವರ ಸಾಕು ಎಂಬ ಆಜ್ಞೆ ಆಮೇಲೆ ಬಂತೇ? ಇಲ್ಲ. ಅದೇ ಉಹುದ್ ಬಗ್ಗೆ ಇಳಿದ ಆಯತ್‌ಗಳಲ್ಲಿ, ಸೂರಃ ಆಲಿ ಇಮ್ರಾನ್‌ನಲ್ಲಿ, ಅವರನ್ನು ಕ್ಷಮಿಸಿ, ಅವರೊಂದಿಗೆ ಸಮಾಲೋಚಿಸಿ ಎಂದು ಅಲ್ಲಾಹನು ಆಜ್ಞಾಪಿಸಿದನು. ಫಲಿತಾಂಶ ನಾವು ಬಯಸಿದಂತೆ ಬರಲಿಲ್ಲ ಎಂದು ಸಮಾಲೋಚನೆಯನ್ನು ಬಿಡುವಂತಿಲ್ಲ.

ಬೆಂಗಳೂರಿನ 2031ರ ಮಾಸ್ಟರ್ ಪ್ಲಾನ್ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು. ಸಾವಿರಾರು ಜನ ಲಿಖಿತ ಆಕ್ಷೇಪಣೆ ಕೊಟ್ಟರು. ಕೊನೆಗೆ ಸರ್ಕಾರ ಆ ಕರಡನ್ನು ಹಿಂತೆಗೆದುಕೊಂಡಿತು. ಜನರ ಮಾತೊಂದೇ ಅದಕ್ಕೆ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಬರೆದುಕೊಟ್ಟ ಮಾತು ದಾಖಲೆಯಾಗುತ್ತದೆ. ಚಹಾದಂಗಡಿಯಲ್ಲಿ ಆಡಿದ ಮಾತು ಲೋಟದ ಜೊತೆಗೇ ತೊಳೆದುಹೋಗುತ್ತದೆ.

ಈಗ ನಮಗೆ ಸ್ವಲ್ಪ ಕಹಿಯಾಗುವ ಮಾತು. ಯೋಜನೆ ಎಂದರೆ ಬರೀ ಕೇಳುವುದಲ್ಲ, ಬಿಟ್ಟುಕೊಡುವುದೂ ಹೌದು. ದಾರಿಯ ವಿಷಯದಲ್ಲಿ ಜಗಳವಾದರೆ ದಾರಿಗೆ ಏಳು ಮೊಳ ಬಿಡಬೇಕೆಂದು ಪ್ರವಾದಿಯವರು (ಸ) ತೀರ್ಪು ಕೊಟ್ಟದ್ದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಏಳು ಮೊಳ ಎಂದರೆ ಸುಮಾರು ಹತ್ತೂವರೆ ಅಡಿ. ಹಝ್ರತ್ ಉಮರ್ (ರ) ಅವರ ಕಾಲದಲ್ಲಿ, ಹಿಜರಿ 17ರಲ್ಲಿ, ಕೂಫಾ ನಗರ ಕಟ್ಟಿದಾಗ ದೊಡ್ಡ ರಸ್ತೆಗೆ 40 ಮೊಳ, ನಂತರದವಕ್ಕೆ 30 ಮತ್ತು 20, ಸಣ್ಣ ಗಲ್ಲಿಗೂ 7 ಮೊಳಕ್ಕೆ ಕಡಿಮೆ ಇಲ್ಲ ಎಂದು ನಿಗದಿ ಮಾಡಿದ್ದನ್ನು ಇತಿಹಾಸಕಾರ ತಬರಿ ದಾಖಲಿಸಿದ್ದಾರೆ. ಹದಿನಾಲ್ಕು ಶತಮಾನಗಳ ಹಿಂದೆ ಮರಳುಗಾಡಿನ ಅಂಚಿನಲ್ಲಿ ಹತ್ತೂವರೆ ಅಡಿ ಗಲ್ಲಿ!

ನಮ್ಮ ಎಷ್ಟೋ ಗಲ್ಲಿಗಳಲ್ಲಿ ಇಂದು ಜನಾಝ ಹೊತ್ತವರು ತಿರುಗಲು ಕಷ್ಟಪಡುತ್ತಾರೆ. ಆ್ಯಂಬುಲೆನ್ಸ್ ಮುಖ್ಯರಸ್ತೆಯಲ್ಲೇ ನಿಲ್ಲುತ್ತದೆ, ಹೆರಿಗೆ ನೋವಿನ ಹೆಣ್ಣುಮಗಳು ಅಲ್ಲಿಯವರೆಗೆ ನಡೆಯಬೇಕು. ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಒಳಗೆ ಬರುವುದಿಲ್ಲ. ಇದಕ್ಕೆಲ್ಲ ಪಾಲಿಕೆಯೇ ಕಾರಣವೇ? ಮೆಟ್ಟಿಲನ್ನು ರಸ್ತೆಗೆ ಇಳಿಸಿದವರು, ಚರಂಡಿಯ ಮೇಲೆ ಅಂಗಡಿ ಕಟ್ಟಿದವರು, ರಾಜಕಾಲುವೆಯನ್ನು ಒತ್ತಿ ಸೈಟು ಮಾಡಿ ಮಾರಿದವರು ಯಾರು? ಅಂಥ ಸೈಟನ್ನು ತಿಳಿದೂ ತಿಳಿದೂ ಕೊಂಡವರು ಯಾರು? ಅನ್ಯಾಯವಾಗಿ ಒಂದು ಗೇಣು ನೆಲ ಕಬಳಿಸಿದವನ ಕೊರಳಿಗೆ ಕಿಯಾಮತ್ತಿನ ದಿನ ಏಳು ಭೂಮಿಗಳನ್ನು ಸುತ್ತಲಾಗುವುದು ಎಂಬ ಎಚ್ಚರಿಕೆ ಹದೀಸಿನಲ್ಲಿದೆ. ಒಂದು ಗೇಣಿಗೆ ಇಷ್ಟು! ಮಳೆ ಬಂದಾಗ ಆ ಕಾಲುವೆಯ ನೀರು ಕೆಳಗಿನ ಬಡವನ ಮನೆಗೆ ನುಗ್ಗುತ್ತದೆ. ಆ ಮನೆ ಯಾವ ಧರ್ಮದವರದು ಎಂದು ನೀರು ಕೇಳುವುದಿಲ್ಲ. ಹಡಗಿನ ಹದೀಸ್ ನೆನಪಿಸಿಕೊಳ್ಳಿ. ಕೆಳ ಅಂತಸ್ತಿನವರು ನೀರಿಗೆಂದು ತಮ್ಮ ಪಾಲಿನ ಜಾಗದಲ್ಲಿ ತೂತು ಕೊರೆಯಲು ಹೊರಟರೆ, ಮೇಲಿನವರು ತಡೆದರೆ ಎಲ್ಲರೂ ಉಳಿಯುತ್ತಾರೆ, ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ. ತೂತು ಕೊರೆಯಲು ಹೊರಟವರಿಗೆ ನೀರು ಬೇಕಾಗಿತ್ತು ಎಂಬುದನ್ನೂ ಮರೆಯಬೇಡಿ. ಅವರಿಗೆ ನೀರಿನ ದಾರಿ ಮಾಡಿಕೊಡುವುದೂ ಯೋಜನೆಯ ಕೆಲಸವೇ. ಬಡವರ ಮನೆ ತೆಗೆಯಬೇಕಾದರೆ ಮೊದಲು ಅವರಿಗೆ ಬದಲಿ ಸೂರು ಎಲ್ಲಿ ಎಂದು ಆ ನಕ್ಷೆಯಲ್ಲೇ ಕೇಳಬೇಕು.

ಇನ್ನೊಂದು ಮಾತು ನಮ್ಮ ತಾಯಂದಿರ, ಅಕ್ಕತಂಗಿಯರ ಬಗ್ಗೆ. ನಲ್ಲಿಯಲ್ಲಿ ನೀರು ಎಷ್ಟು ಹೊತ್ತಿಗೆ ಬರುತ್ತದೆ, ಬೀದಿದೀಪ ಎಲ್ಲಿ ಉರಿಯುವುದಿಲ್ಲ, ಮಗಳು ಕಾಲೇಜಿನಿಂದ ಬರುವಾಗ ಯಾವ ತಿರುವಿನಲ್ಲಿ ಹೆದರುತ್ತಾಳೆ, ಇದೆಲ್ಲ ಗೊತ್ತಿರುವುದು ಅವರಿಗೆ. ಸಭೆಗೆ ಹೋಗುವವರು ಮಾತ್ರ ನಾವು ಗಂಡಸರು. ಹುದೈಬಿಯಾದಲ್ಲಿ ಸಹಾಬಿಗಳೆಲ್ಲ ದುಃಖದಿಂದ ಕದಲದೆ ಕುಳಿತಾಗ ಪ್ರವಾದಿಯವರಿಗೆ (ಸ) ದಾರಿ ಹೇಳಿದವರು ಉಮ್ಮುಲ್ ಮೂಮಿನೀನ್ ಉಮ್ಮು ಸಲಮಾ (ರ). ಯಾರೊಂದಿಗೂ ಮಾತಾಡದೆ ತಾವೇ ಮೊದಲು ಕುರ್ಬಾನಿ ಮಾಡಿ ತಲೆ ಬೋಳಿಸಿಕೊಳ್ಳಿ ಎಂದರು. ಪ್ರವಾದಿಯವರು (ಸ) ಹಾಗೇ ಮಾಡಿದರು, ಎಲ್ಲರೂ ಎದ್ದರು. ಮಹಾನಗರ ಪಾಲಿಕೆಗಳ ಕಾನೂನಿನಲ್ಲಿ ವಾರ್ಡ್ ಸಮಿತಿ ಎಂಬುದಿದೆ. ಅದರ ಹತ್ತು ಸದಸ್ಯರಲ್ಲಿ ಕನಿಷ್ಠ ಮೂವರು ಮಹಿಳೆಯರಿರಬೇಕು, ನಿವಾಸಿಗಳ ಸಂಘಗಳಿಂದ ಕನಿಷ್ಠ ಇಬ್ಬರಿರಬೇಕು. ತುಮಕೂರಿನಲ್ಲಿ 35 ವಾರ್ಡುಗಳಿವೆ. ನಿಮ್ಮ ವಾರ್ಡಿನಿಂದ ಓದಿದ ಹೆಣ್ಣುಮಗಳೊಬ್ಬಳ ಹೆಸರು ಹೋಗಲಿ.

ಹಾಗಾದರೆ ನಾವೇನು ಮಾಡಬೇಕು? ಸಣ್ಣ ಕೆಲಸಗಳಿಂದ ಶುರು ಮಾಡೋಣ. ಪ್ರತಿ ಜಮಾಅತ್ತಿನಲ್ಲಿ ಓದುಬರಹ ಬಲ್ಲ ನಾಲ್ಕೈದು ಯುವಕರು ಸೇರಿ ಮೊಹಲ್ಲಾದ ನಕ್ಷೆಯನ್ನು ಕೈಯಿಂದಲೇ ಬರೆಯಲಿ. ಗಲ್ಲಿಗಳ ಅಗಲ, ಚರಂಡಿ ಹರಿಯುವ ದಿಕ್ಕು, ಅಂಗನವಾಡಿ, ಶಾಲೆ, ನೀರು ನಿಲ್ಲುವ ಜಾಗ ಅದರಲ್ಲಿರಲಿ. ಮುತವಲ್ಲಿ ಸಾಹೇಬರು ಮಸೀದಿ, ಮದ್ರಸಾ, ಖಬರಸ್ತಾನ್‌ಗಳ ಸರ್ವೆ ನಂಬರು, ಪಹಣಿ, ವಕ್ಫ್ ದಾಖಲೆಗಳನ್ನು ಒಂದು ಫೈಲಿನಲ್ಲಿ ಇಡಲಿ. ಖಬರಸ್ತಾನ್ ನಕ್ಷೆಯಲ್ಲಿ ಖಬರಸ್ತಾನ್ ಎಂದೇ ಇದೆಯೇ, ಬೇರೆ ಬಣ್ಣ ಬಿದ್ದಿದೆಯೇ ಎಂದು ಕರಡು ಬಂದ ದಿನವೇ ನೋಡಬೇಕು. ಆಕ್ಷೇಪಣೆ ಬರೆಯುವಾಗ ಸಿಟ್ಟು ಬೇಡ. ಸರ್ವೆ ನಂಬರು, ನಕ್ಷೆಯಲ್ಲಿ ಏನಿದೆ, ಏನಾಗಬೇಕು, ಯಾಕೆ, ಈ ನಾಲ್ಕು ಇದ್ದರೆ ಸಾಕು. ಕೊಟ್ಟ ಮೇಲೆ ಸ್ವೀಕೃತಿ ಪಡೆಯಿರಿ.

ಗುಬ್ಬಿಯವರಿಗೆ ಪಟ್ಟಣ ಪಂಚಾಯಿತಿ ಇದೆ, ಕುಣಿಗಲ್‌ನವರಿಗೆ ಪುರಸಭೆ ಇದೆ. ಬಜೆಟ್‌ಗೆ ಮುಂಚೆ ಸಾರ್ವಜನಿಕರ ಸಭೆ ಕರೆದಾಗ ಹೋಗಿರಿ. ಹಳ್ಳಿಗಳಲ್ಲಿರುವ ನಮ್ಮವರು ವಾರ್ಡ್ ಸಭೆ, ಗ್ರಾಮಸಭೆ ತಪ್ಪಿಸಬೇಡಿ. ಹೋಗುವಾಗ ಒಬ್ಬರೇ ಹೋಗಬೇಡಿ, ಪಕ್ಕದ ಬೀದಿಯ ರಾಮಣ್ಣನವರನ್ನು, ಲಕ್ಷ್ಮಮ್ಮನವರನ್ನೂ ಕರೆದುಕೊಂಡು ಹೋಗಿ. ಅವರ ಚರಂಡಿಯೂ ನಮ್ಮ ಚರಂಡಿಯೂ ಒಂದೇ. ನಮ್ಮ ಅರ್ಜಿಯಲ್ಲಿ ಖಬರಸ್ತಾನ್ ಇದ್ದರೆ ಅವರ ಸ್ಮಶಾನದ ದಾರಿಯೂ ಇರಲಿ. ಹಝ್ರತ್ ಯೂಸುಫ್ (ಅ) ತುಂಬಿಸಿದ ಕಣಜ ಎಲ್ಲರಿಗೂ ಆಗಿತ್ತು.

"ಇಪ್ಪತ್ತು ವರ್ಷ ನಾವೆಲ್ಲಿರುತ್ತೇವೋ" ಎನ್ನಬೇಡಿ. ಕೈಯಲ್ಲಿ ಸಸಿ ಇದ್ದು ಕಿಯಾಮತ್ ಬಂದೇಬಿಟ್ಟರೂ ನೆಡಲು ಸಾಧ್ಯವಾದರೆ ನೆಟ್ಟುಬಿಡಬೇಕೆಂದು ಕಲಿಸಿದ ಪ್ರವಾದಿಯವರ (ಸ) ಉಮ್ಮತ್ ನಾವು. ನೀವು ಇಂದು ಉಳಿಸಿದ ಒಂದು ದಾರಿಯಲ್ಲಿ ನಾಳೆ ಮಕ್ಕಳು ಶಾಲೆಗೆ ಹೋಗುವವರೆಗೆ, ರೋಗಿ ಆಸ್ಪತ್ರೆ ಮುಟ್ಟುವವರೆಗೆ ಅದರ ಪುಣ್ಯ ನಿಮ್ಮ ಖಾತೆಗೆ ಸದಕಾ ಜಾರಿಯಾ ಆಗಿ ಸೇರುತ್ತಿರುತ್ತದೆ, ಇನ್‌ಶಾ ಅಲ್ಲಾಹ್.

ಯಾ ಅಲ್ಲಾಹ್, ನಮ್ಮ ಊರುಗಳನ್ನು ನೆಮ್ಮದಿಯ ಊರುಗಳನ್ನಾಗಿ ಮಾಡು. ಅಧಿಕಾರದಲ್ಲಿರುವವರಿಗೆ ನ್ಯಾಯದ ಬುದ್ಧಿ ಕೊಡು. ಕಬಳಿಸಿದ ನೆಲವನ್ನು ಬಿಟ್ಟುಕೊಡುವ ಧೈರ್ಯ ನಮಗೆ ಕೊಡು. ಸತ್ಯವನ್ನು ಸಮಯಕ್ಕೆ ಸರಿಯಾಗಿ ಹೇಳುವ ತೌಫೀಕ್ ದಯಪಾಲಿಸು. ಆಮೀನ್.