ನಾಲ್ಕು ಜ್ವರದ ಹುಳು, ಎಂಟು ತೂಕದ ಬಾಕ್ಸರ್

(2025ರ ಜುಲೈ 21ರ ರಾತ್ರಿ ಆಡಿದ ಮಾತು)

 ಇವತ್ತು ಕುರ್ಚಿ ಕದನ ಇಲ್ಲ, ಬಣ ಇಲ್ಲ, ಬಂಡಾಯ ಇಲ್ಲ. ಒಂದು ರಾತ್ರಿ ನಾವು ಅದನ್ನ ಮಾತಾಡದಿದ್ರೆ ಸರ್ಕಾರವೇನೂ ಬಿದ್ದುಹೋಗಲ್ಲ. ಇವತ್ತು ಬಾಕ್ಸಿಂಗ್ ಮಾತು, ತೂಕದ ಮಾತು.

ನಿನ್ನೆ ಭಾನುವಾರ ಬೆಳಿಗ್ಗೆ, ನೀವು ತಿಂಡಿ ತಿನ್ನೋ ಹೊತ್ತಿಗೆ, ಅಮೆರಿಕದ ಲಾಸ್ ವೇಗಸ್‌ನಲ್ಲಿ ಒಂದು ಪಂದ್ಯ ನಡೀತು. ಒಂದು ಕಡೆ ಮಾರಿಯೊ ಬ್ಯಾರಿಯೊಸ್, 30 ವರ್ಷದ ಹಾಲಿ ಚಾಂಪಿಯನ್. ಇನ್ನೊಂದು ಕಡೆ ಫಿಲಿಪ್ಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ, ವಯಸ್ಸು 46. ಈ ಪ್ಯಾಕಿಯಾವೊ ದುಡ್ಡಿಗಾಗಿ ಮೊದಲ ಪಂದ್ಯ ಆಡಿದಾಗ ಆ ಬ್ಯಾರಿಯೊಸ್ ಇನ್ನೂ ಹುಟ್ಟೇ ಇರಲಿಲ್ಲ. 12 ಸುತ್ತು ಮುಗೀತು. ಇಬ್ಬರು ತೀರ್ಪುಗಾರರು 114-114 ಅಂದ್ರು, ಒಬ್ಬರು 115-113 ಅಂತ ಬ್ಯಾರಿಯೊಸ್ ಕಡೆ ಕೊಟ್ರು. ಪಂದ್ಯ ಡ್ರಾ. ಬೆಲ್ಟ್ ಬ್ಯಾರಿಯೊಸ್ ಹತ್ತಿರವೇ ಉಳೀತು.

ಲಾಸ್ ವೇಗಸ್‌ನ ಪಂದ್ಯಕ್ಕೂ ನಮಗೂ ಏನು ಸಂಬಂಧ ಅಂತೀರಾ? ಸಂಬಂಧ ಇದೆ. ಚನ್ನಪಟ್ಟಣ ಕಡೆಯಿಂದ ಒಬ್ಬರು ರೇಷ್ಮೆ ಬೆಳೆಗಾರರು ನಮ್ಮ ಕಚೇರಿಗೆ ಫೋನ್ ಮಾಡಿದ್ರು. ಮಗನಿಗೆ 17 ವರ್ಷ. ಅವರ ಮಾತಲ್ಲೇ ಹೇಳ್ತೀನಿ: "ಸಾರ್, ನಮ್ ಹುಡ್ಗ ಬಾಕ್ಸಿಂಗು ಅಂತ ಕುಂತವ್ನೆ. ಜಿಮ್ಮಲ್ಲಿ ಯಾರೋ ಆರು ತಿಂಗ್ಳಲ್ಲಿ ಹತ್ತು ಕೆಜಿ ಏರ್ಸ್ಕೊಂಡು ಬಾ ಅಂದವ್ರಂತೆ. ಅದ್ಕೆ ಒಂದು ಪೌಡ್ರು, ಅದಾದ್ಮೇಲೆ ಸೂಜಿನೂ ಐತಂತೆ. ಕೊಡ್ಸೋದಾ, ಬ್ಯಾಡ್ವಾ?"

ಯಜಮಾನ್ರೇ, ಈ ಹೊತ್ತು ನೀವು ಟಿವಿ ಮುಂದೆ ಇದ್ದೀರಿ ಅಂದ್ಕೊಂಡಿದ್ದೀನಿ. ನಿಮ್ಮ ಪ್ರಶ್ನೆಗೆ ಉತ್ತರ ಈ ಪ್ಯಾಕಿಯಾವೊ ಬದುಕಿನಲ್ಲೇ ಇದೆ. ಯಾಕಂದ್ರೆ ತೂಕ ಏರಿಸ್ಕೊಂಡು ಗೆಲ್ಲೋದ್ರಲ್ಲಿ ಇವನನ್ನ ಮೀರಿಸಿದವರು ಯಾರೂ ಇಲ್ಲ. ಎಂಟು ಬೇರೆ ಬೇರೆ ತೂಕದ ವಿಭಾಗದಲ್ಲಿ ವಿಶ್ವಪಟ್ಟ ಗೆದ್ದ ಬಾಕ್ಸರ್ ಜಗತ್ತಿನಲ್ಲಿ ಇವನೊಬ್ಬನೇ.

ತೂಕದ ವಿಭಾಗ ಅಂದ್ರೇನು? ನಮ್ಮ ಮೈಸೂರು ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುತ್ತಾರೆ. ಇವನಿಗೆ ಇವನು ಸಮ ಅಂತ ಹಿರಿಯರು ನೋಡಿ ಜೋಡಿ ಮಾಡ್ತಾರೆ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಆ ಕೆಲಸ ಮಾಡೋದು ತಕ್ಕಡಿ. ಪಂದ್ಯದ ಹಿಂದಿನ ದಿನ ಇಬ್ಬರೂ ತಕ್ಕಡಿ ಹತ್ತಬೇಕು. ಹೆಚ್ಚುಕಡಿಮೆ ಎರಡು ಮೂರು ಕೆಜಿಗೊಂದು ವಿಭಾಗ, ಕೆಲವು ಕಡೆ ಎರಡು ಕೆಜಿಗೂ ಕಡಿಮೆ. ಹೊರಗಿನಿಂದ ನೋಡೋರಿಗೆ ಎರಡು ಕೆಜಿ ಏನು ಮಹಾ ಅನ್ನಿಸುತ್ತೆ. ಒಳಗಿರೋನಿಗೆ ಅದು ಗುದ್ದಿನ ಭಾರ. ಮೇಲಿನ ವಿಭಾಗದವನ ಮೂಳೆ ದಪ್ಪ, ತೋಳು ಉದ್ದ, ಪೆಟ್ಟು ತಡ್ಕೊಳ್ಳೋ ಶಕ್ತಿ ಜಾಸ್ತಿ.

ಈಗ ಪ್ಯಾಕಿಯಾವೊ ಎಲ್ಲಿಂದ ಶುರು ಮಾಡಿದ ನೋಡಿ. ಹುಟ್ಟಿದ್ದು 1978ರ ಡಿಸೆಂಬರ್ 17, ಮಿಂಡನಾವೊ ದ್ವೀಪದಲ್ಲಿ. ಕಡುಬಡತನ. ಬೀದಿಯಲ್ಲಿ ಬ್ರೆಡ್ಡು ಮಾರಿದ. 14 ವರ್ಷಕ್ಕೆ ಮನೆ ಬಿಟ್ಟು ರಾಜಧಾನಿ ಮನಿಲಾಗೆ ಬಂದ, ಅಲ್ಲಿ ಬೀದಿಯಲ್ಲೂ ಮಲಗಿದ. 1995ರ ಜನವರಿಯಲ್ಲಿ, 16ನೇ ವಯಸ್ಸಿಗೆ, ಮೊದಲ ವೃತ್ತಿಪರ ಪಂದ್ಯ. ಆಗ ಅವನ ತೂಕ 45 ಕೆಜಿಯೂ ಇರಲಿಲ್ಲ. ವಿಭಾಗಕ್ಕೆ ಬೇಕಾದ ತೂಕ ತೋರಿಸೋಕೆ ಜೇಬಿನಲ್ಲಿ ಭಾರ ತುಂಬ್ಕೊಂಡು ತಕ್ಕಡಿ ಹತ್ತಿದ್ದೆ ಅಂತ ಮುಂದೆ ಅವನೇ ಹೇಳಿಕೊಂಡಿದ್ದಾನೆ. ನಮ್ಮ ಕಡೆ ಹೊಟ್ಟೆಗಿಲ್ಲದೆ ಬೆಳೆದ ಹುಡುಗರು ಇರ್ತಾರಲ್ಲ, ಹಾಗಿದ್ದ ಹುಡುಗ.

1998ರ ಡಿಸೆಂಬರ್‌ನಲ್ಲಿ ಥಾಯ್ಲೆಂಡ್‌ಗೆ ಹೋಗಿ, ಅಲ್ಲಿನವನೇ ಆದ ಚಾಟ್‌ಚಾಯ್ ಸಾಸಾಕುಲ್‌ನನ್ನ ಎಂಟನೇ ಸುತ್ತಿನಲ್ಲಿ ಕೆಡವಿ ಮೊದಲ ವಿಶ್ವಪಟ್ಟ ಗೆದ್ದ. ಫ್ಲೈವೇಟ್. ಮಿತಿ 50.8 ಕೆಜಿ. ಒಂಬತ್ತು ತಿಂಗಳು ಕಳೀತು. ಹುಡುಗನ ಮೈ ಬೆಳೀತಾ ಇತ್ತು, ವಿಭಾಗ ಅಷ್ಟೇ ಇತ್ತು. 1999ರ ಸೆಪ್ಟೆಂಬರ್‌ನಲ್ಲಿ ಮತ್ತೆ ಥಾಯ್ಲೆಂಡ್‌ನಲ್ಲಿ ಪಂದ್ಯ. ಮಿತಿಯೊಳಗೆ ತೂಕ ತರೋಕಾಗಲಿಲ್ಲ. ರಿಂಗ್ ಹತ್ತೋ ಮೊದಲೇ ತಕ್ಕಡಿ ಮೇಲೆ ಪಟ್ಟ ಹೋಯ್ತು. ಮೈಯಲ್ಲಿ ಕಸುವಿರಲಿಲ್ಲ, ಮೂರನೇ ಸುತ್ತಿನಲ್ಲಿ ನೆಲಕ್ಕೆ ಬಿದ್ದ.

ಈ ನೋವು ನಮಗೆ ಹೊಸದಲ್ಲ. ಕಳೆದ ವರ್ಷ ಆಗಸ್ಟ್ 7ನೇ ತಾರೀಕು ನೆನಪಿದೆಯಲ್ಲ? ಪ್ಯಾರಿಸ್ ಒಲಿಂಪಿಕ್ಸ್, 50 ಕೆಜಿ ಕುಸ್ತಿ, ಫೈನಲ್ ದಿನ ವಿನೇಶ್ ಫೋಗಟ್. 100 ಗ್ರಾಂ! ಅದಕ್ಕೆ ಮೊದಲು 53 ಕೆಜಿಯಲ್ಲಿ ಆಡ್ತಿದ್ದ ಹೆಣ್ಣುಮಗಳು 50ಕ್ಕೆ ಇಳಿದು ಬಂದಿದ್ದಳು. ಇಳಿಸೋಕೆ ದೇಹ ಎಷ್ಟು ಕಷ್ಟಪಡುತ್ತೆ ಅನ್ನೋದನ್ನ ಇಡೀ ದೇಶ ಅವತ್ತು ನೋಡ್ತು. ಏರಿಸೋದು ಹೇಗೆ ಅಂತ ತಿಳೀಬೇಕಂದ್ರೆ ನಮ್ಮ ಮೇರಿ ಕೋಮ್ ಇದ್ದಾರೆ. ವಿಶ್ವ ಚಾಂಪಿಯನ್‌ಷಿಪ್ ಚಿನ್ನ 45 ಕೆಜಿಯಲ್ಲಿ, ಆಮೇಲೆ 46ರಲ್ಲಿ, ಆಮೇಲೆ 48ರಲ್ಲಿ. 2012ರ ಲಂಡನ್ ಒಲಿಂಪಿಕ್ಸ್‌ಗೆ ಮಹಿಳಾ ಬಾಕ್ಸಿಂಗ್ ಬಂದಾಗ ಅಲ್ಲಿದ್ದ ಅತಿ ಕಡಿಮೆ ವಿಭಾಗವೇ 51 ಕೆಜಿ. ಅದಕ್ಕೂ ಏರಿ ಕಂಚು ತಂದರು. 45ರಿಂದ 51ಕ್ಕೆ ಬರೋಕೆ ಹತ್ತು ವರ್ಷ ಹಿಡೀತು. ಯಜಮಾನ್ರೇ, ಆರು ಕೆಜಿಗೆ ಹತ್ತು ವರ್ಷ!

ಪ್ಯಾಕಿಯಾವೊ ಕಥೆಗೆ ಬರೋಣ. ಪಟ್ಟ ಹೋದ ಮೇಲೆ ಅವನು ಹಟ ಹಿಡಿದು ಅದೇ ತೂಕಕ್ಕೆ ಮೈ ಒಣಗಿಸಲಿಲ್ಲ. ಎರಡು ವಿಭಾಗ ಬಿಟ್ಟು ಮೇಲಕ್ಕೆ, 55.3 ಕೆಜಿಗೆ ಬಂದ. 2001ರಲ್ಲಿ ಅಮೆರಿಕಕ್ಕೆ ಹೋದ, ಫ್ರೆಡ್ಡಿ ರೋಚ್ ಅನ್ನೋ ಕೋಚ್ ಸಿಕ್ಕಿದ. ಅದೇ ಜೂನ್‌ನಲ್ಲಿ ಯಾರೋ ಆಡಬೇಕಾಗಿದ್ದ ಜಾಗಕ್ಕೆ ಎರಡು ವಾರ ಮುಂಚೆ ಕರೆ ಬಂತು. ಎದುರಾಳಿ ದಕ್ಷಿಣ ಆಫ್ರಿಕಾದ ಚಾಂಪಿಯನ್ ಲೆಡ್ವಾಬಾ. ಆರನೇ ಸುತ್ತಿಗೆ ಮುಗಿಸಿದ. ಎಡಗೈ ಹುಡುಗ ಇವನು. ಮೊದಮೊದಲು ಎಡಗೈ ಪೆಟ್ಟೇ ಆಸ್ತಿ. ರೋಚ್ ವರ್ಷಗಟ್ಟಲೆ ಕೂತು ಬಲಗೈ ತಿದ್ದಿದ.

2003ರಲ್ಲಿ ಮೆಕ್ಸಿಕೊದ ಬರೇರಾನನ್ನ ಸೋಲಿಸಿ 57 ಕೆಜಿ ವಿಭಾಗದಲ್ಲಿ ರಿಂಗ್ ಪತ್ರಿಕೆ ಕೊಡುವ ಪಟ್ಟ. 2005ರಲ್ಲಿ ಎರಿಕ್ ಮೊರಾಲೆಸ್ ಕೈಲಿ ಸೋತ. 2006ರಲ್ಲಿ ಅದೇ ಮೊರಾಲೆಸ್‌ನನ್ನ ಎರಡು ಸಲ ಕೆಡವಿದ. 2008ರ ಮಾರ್ಚ್‌ನಲ್ಲಿ 59 ಕೆಜಿ, ಜೂನ್‌ನಲ್ಲಿ 61 ಕೆಜಿ. ಡಿಸೆಂಬರ್‌ನಲ್ಲಿ ಆಸ್ಕರ್ ಡಿ ಲಾ ಹೋಯಾ, ಇವನಿಗಿಂತ ಎಷ್ಟೋ ದೊಡ್ಡ ಆಳು. ಎಂಟನೇ ಸುತ್ತಾದ ಮೇಲೆ ಆ ದೊಡ್ಡ ಆಳು ಸ್ಟೂಲ್ ಬಿಟ್ಟು ಏಳಲೇ ಇಲ್ಲ. 2009ರ ಮೇ ತಿಂಗಳಲ್ಲಿ ರಿಕಿ ಹ್ಯಾಟನ್ ಎರಡೇ ಸುತ್ತಿಗೆ, 63.5 ಕೆಜಿ. ನವೆಂಬರ್‌ನಲ್ಲಿ ಮಿಗೆಲ್ ಕೊಟ್ಟೊ, 66.7 ಕೆಜಿಯ ವೆಲ್ಟರ್‌ವೇಟ್ ಪಟ್ಟ. 2010ರ ನವೆಂಬರ್‌ನಲ್ಲಿ ಟೆಕ್ಸಸ್‌ನ ದೊಡ್ಡ ಕ್ರೀಡಾಂಗಣದಲ್ಲಿ ಆಂಟೋನಿಯೊ ಮಾರ್ಗರಿಟೊ. ಎಂಟನೇ ವಿಭಾಗ, ಮಿತಿ ಸುಮಾರು 70 ಕೆಜಿ.

ಇಲ್ಲೊಂದು ವಿಷಯ ಗಮನಿಸಿ. ಆ ಪಂದ್ಯವನ್ನ ಒಪ್ಪಂದದ ಪ್ರಕಾರ 150 ಪೌಂಡ್, ಅಂದ್ರೆ 68 ಕೆಜಿಗೆ ಇಟ್ಟಿದ್ರು. ಮಾರ್ಗರಿಟೊ ಅಷ್ಟೂ ತೂಗಿದ. ಪ್ಯಾಕಿಯಾವೊ 65.6 ಕೆಜಿ ಮಾತ್ರ. ಮೇಲಿನ ವಿಭಾಗಕ್ಕೆ ಹೋದ, ಆದರೆ ಅದಕ್ಕೆ ತಕ್ಕಂತೆ ಮೈ ಊದಿಸ್ಕೊಳ್ಳಲಿಲ್ಲ. ಕಾಲಿನ ವೇಗ ಇಟ್ಕೊಂಡ, ಕೈಯ ವೇಗ ಇಟ್ಕೊಂಡ. ದೊಡ್ಡವನ ಮುಖ ಊದಿಹೋಗಿತ್ತು. ಕೊನೆ ಸುತ್ತುಗಳಲ್ಲಿ, ಇದನ್ನ ನಿಲ್ಲಿಸಬಾರದಾ ಅನ್ನೋ ಹಾಗೆ ಪ್ಯಾಕಿಯಾವೊನೇ ರೆಫರಿ ಕಡೆ ನೋಡಿದ. ಅವನ ಅಷ್ಟೂ ಪಂದ್ಯಗಳಲ್ಲಿ ನನಗೆ ಮನಸ್ಸಿನಲ್ಲಿ ಉಳಿದಿರೋದು ಆ ನೋಟ.

ಇಷ್ಟು ಬೇಗ ಇಷ್ಟು ತೂಕ ಹೇಗೆ ಏರಿದ ಅಂತ ಅನುಮಾನ ಪಟ್ಟವರೂ ಇದ್ದರು. ಮೇವೆದರ್ ಜೊತೆಗಿನ ಪಂದ್ಯ ರಕ್ತ ಪರೀಕ್ಷೆಯ ಷರತ್ತಿಗೆ ಸಿಕ್ಕಿಹಾಕ್ಕೊಂಡು ವರ್ಷಗಟ್ಟಲೆ ನಡೆಯಲೇ ಇಲ್ಲ, ಕೊನೆಗೆ ನಡೆದದ್ದು 2015ರಲ್ಲಿ. ಆರೋಪ ಮಾಡಿದವರ ಮೇಲೆ ಪ್ಯಾಕಿಯಾವೊ ಮಾನನಷ್ಟ ಮೊಕದ್ದಮೆ ಹಾಕಿದ, 2012ರಲ್ಲಿ ಅದು ರಾಜಿಯಾಯ್ತು. ಯಾವ ಪರೀಕ್ಷೆಯಲ್ಲೂ ಅವನು ಸಿಕ್ಕಿಬಿದ್ದಿಲ್ಲ. 50.8ರಿಂದ ಕೊನೆಯ ವಿಭಾಗಕ್ಕೆ ಬರೋಕೆ ಅವನಿಗೆ ಹನ್ನೆರಡು ವರ್ಷ ಬೇಕಾಯ್ತು ಅನ್ನೋದನ್ನೂ ಲೆಕ್ಕಕ್ಕೆ ಇಟ್ಕೊಳ್ಳಿ.

ಈಗ ಯಜಮಾನ್ರೇ, ನಿಮ್ಮ ಹುಳು ಮನೆಗೆ ಬರ್ತೀನಿ. ರಾಮನಗರದ ಗೂಡಿನ ಮಾರುಕಟ್ಟೆಗೆ ವರದಿಗಂತ ಹೋದಾಗೆಲ್ಲ ನಾನು ರೈತರ ಹತ್ತಿರ ಪಾಠ ಹೇಳಿಸ್ಕೊಂಡು ಬಂದಿದ್ದೀನಿ. ಮೊಟ್ಟೆಯಿಂದ ಬಂದ ರೇಷ್ಮೆ ಹುಳು 25 ದಿನದ ಆಸುಪಾಸಿನಲ್ಲಿ ತನ್ನ ತೂಕ ಸುಮಾರು ಹತ್ತು ಸಾವಿರ ಪಟ್ಟು ಏರಿಸ್ಕೊಳ್ಳುತ್ತೆ. ಪ್ಯಾಕಿಯಾವೊ ಅದರ ಮುಂದೆ ಏನೂ ಅಲ್ಲ! ಆದ್ರೆ ಹೇಗೆ ಏರುತ್ತೆ? ನಾಲ್ಕು ಜ್ವರ ದಾಟಿ ಏರುತ್ತೆ. ಜ್ವರಕ್ಕೆ ಕೂತ ಹುಳು ಸೊಪ್ಪು ಮುಟ್ಟಲ್ಲ, ತಲೆ ಎತ್ತಿ ಸುಮ್ಮನೆ ಕೂತಿರುತ್ತೆ. ಹಳೇ ಚರ್ಮ ಒಳಗಿನ ಹುಳುವಿಗೆ ಸಾಲದೆ ಬಂದಿರುತ್ತೆ, ಅದನ್ನ ಕಳಚಬೇಕು. ಆ ಹೊತ್ತಿಗೆ ನೀವೇನು ಮಾಡ್ತೀರಿ? ಸುಣ್ಣ ಉದುರಿಸಿ ಹಾಸಿಗೆ ಒಣಗಿಸ್ತೀರಿ, ಗಾಳಿ ಆಡೋಕೆ ಬಿಡ್ತೀರಿ, ಕಾಯ್ತೀರಿ. ಎಲ್ಲ ಹುಳುವೂ ಜ್ವರ ಎದ್ದ ಮೇಲೇ ಸೊಪ್ಪು. ಬೇಗ ದಪ್ಪ ಆಗ್ಲಿ ಅಂತ ಜ್ವರದ ಹುಳುವಿನ ಮೇಲೆ ಸೊಪ್ಪು ಸುರಿದ್ರೆ ಬೆಳೆ ಏರುಪೇರಾಗುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಪ್ಯಾಕಿಯಾವೊಗೆ 1999 ಒಂದು ಜ್ವರ. 2005 ಇನ್ನೊಂದು ಜ್ವರ. ಕೂತ, ಕಲಿತ, ಎದ್ದ. ನಿಮ್ಮ ಮಗನಿಗೆ 17, ಅವನು ಇನ್ನೂ ಬೆಳೆಯೋ ಹುಡುಗ. ಆರು ತಿಂಗಳಿಗೆ ಹತ್ತು ಕೆಜಿ ಅನ್ನೋ ಸೂಜಿ ಹೆಚ್ಚಿನ ಪಾಲು ಸ್ಟೆರಾಯ್ಡ್. ಬೆಳೆಯೋ ವಯಸ್ಸಿನಲ್ಲಿ ಅದು ಮೂಳೆಯ ಬೆಳವಣಿಗೆಯನ್ನೇ ಅಲ್ಲಿಗೆ ನಿಲ್ಲಿಸಬಹುದು. ಹೃದಯಕ್ಕೆ ಪೆಟ್ಟು, ಲಿವರ್‌ಗೆ ಪೆಟ್ಟು, ನಾಳೆ ಮಕ್ಕಳಾಗೋದಕ್ಕೂ ತೊಂದರೆ. ಆಟದ ಲೆಕ್ಕಕ್ಕೆ ಬಂದ್ರೂ, ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿದ್ರೆ ನಾಲ್ಕು ವರ್ಷದವರೆಗೆ ನಿಷೇಧ. ಅಲ್ಲಿಗೆ ಅವನ ಬಾಕ್ಸಿಂಗ್ ಮುಗೀತು.

ಇನ್ನು ನಿಲ್ಲಿಸೋ ಮಾತು. 2012ರಲ್ಲಿ ಮಾರ್ಕೆಜ್ ಕೊಟ್ಟ ಒಂದು ಪೆಟ್ಟಿಗೆ ಪ್ಯಾಕಿಯಾವೊ ಮುಖ ಕೆಳಗಾಗಿ ಬಿದ್ದ, ಅಲ್ಲಾಡಲಿಲ್ಲ. ಅವನು ಬದುಕಿಲ್ಲ ಅಂತಲೇ ಆ ಕ್ಷಣ ಹೆದರಿದವರಿದ್ದಾರೆ. ಅದಾದ ಮೇಲೂ ಆಡಿದ. 2019ರಲ್ಲಿ 40ನೇ ವಯಸ್ಸಿಗೆ ಥರ್ಮನ್‌ನನ್ನ ಸೋಲಿಸಿದ. 2021ರಲ್ಲಿ ಉಗಾಸ್ ಕೈಲಿ ಸೋತು ನಿವೃತ್ತಿ ಹೇಳಿದ. ಈಗ ಮತ್ತೆ ಬಂದ. 46ನೇ ವಯಸ್ಸಿನಲ್ಲಿ 12 ಸುತ್ತು ನಿಂತದ್ದಕ್ಕೆ ನಾನೂ ಚಪ್ಪಾಳೆ ತಟ್ಟಿದೆ, ಸುಳ್ಳು ಹೇಳಲ್ಲ. ಆದ್ರೆ ತಲೆಗೆ ಬಿದ್ದ ಪೆಟ್ಟಿನ ಲೆಕ್ಕ ಯಾವ ತಕ್ಕಡಿಯೂ ತೋರಿಸಲ್ಲ. ಮಹಮದ್ ಅಲಿಯ ಕೈ ನಡುಗೋದನ್ನ ನೋಡಿದ ಪೀಳಿಗೆ ನಮ್ಮದು. ಇದು ಸಾಕು ಮ್ಯಾನಿ, ಇಷ್ಟಕ್ಕೆ ಸಾಕು.

ಯಾಕೆ ವಾಪಸ್ ಬಂದ? ರಾಜಕೀಯ ಬೇಡ ಅಂದಿದ್ದೆ, ಒಂದು ನಿಮಿಷ ಕ್ಷಮೆ ಇರಲಿ. ಪ್ಯಾಕಿಯಾವೊ 2007ರಲ್ಲಿ ಚುನಾವಣೆಗೆ ನಿಂತು ಸೋತ. 2010ರಲ್ಲಿ ಸಂಸದನಾದ, 2016ರಲ್ಲಿ ಸೆನೆಟರ್. 2022ರಲ್ಲಿ ರಾಷ್ಟ್ರಾಧ್ಯಕ್ಷ ಚುನಾವಣೆಯಲ್ಲಿ ಸೋತ. ಈ ಮೇ ತಿಂಗಳಲ್ಲಿ ಸೆನೆಟ್‌ಗೆ ನಿಂತು ಅಲ್ಲೂ ಸೋತ, ಜುಲೈನಲ್ಲಿ ಗ್ಲೌಸ್ ಹಾಕ್ಕೊಂಡ. ಪ್ರೀತಿ ಬೇರೆ, ವೋಟು ಬೇರೆ. ನಮ್ಮ ಈ ಸೀಮೆಯ ಮತದಾರರಿಗೆ ಇದನ್ನ ವಿವರಿಸೋದೇ ಬೇಡ. ನಿಖಿಲ್ ಕುಮಾರಸ್ವಾಮಿ ಅವರನ್ನ ಸಿನಿಮಾದಲ್ಲಿ ನೋಡಿ ಶಿಳ್ಳೆ ಹೊಡೆದ ಜನವೇ 2023ರಲ್ಲಿ ರಾಮನಗರದಲ್ಲೂ 2024ರಲ್ಲಿ ಚನ್ನಪಟ್ಟಣದಲ್ಲೂ ಬೇರೆ ಲೆಕ್ಕ ಹಾಕಿದರು.

ಇದೇ ನೆಲ ದೊಡ್ಡ ತೂಕದವರನ್ನ ಬೆಳೆಸಿದೆ. ವಿಧಾನಸೌಧ ಕಟ್ಟಿಸಿದ ಕೆಂಗಲ್ ಹನುಮಂತಯ್ಯ ಇಲ್ಲಿಯವರು. 1983ರಲ್ಲಿ ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಕನಕಪುರದಿಂದ ಗೆದ್ದು ಬಂದರು. 1994ರಲ್ಲಿ ರಾಮನಗರದಿಂದ ಗೆದ್ದ ದೇವೇಗೌಡರು ಮುಖ್ಯಮಂತ್ರಿಯಾದರು, 1996ರಲ್ಲಿ ಪ್ರಧಾನಿಯಾದರು. ಕುಮಾರಸ್ವಾಮಿ ಎರಡು ಸಲ ಮುಖ್ಯಮಂತ್ರಿಯಾದರು. 2023ರಲ್ಲಿ ಉಪಮುಖ್ಯಮಂತ್ರಿಯಾದ ಡಿ.ಕೆ. ಶಿವಕುಮಾರ್ ಕನಕಪುರದವರು. ಈ ಮೇ ತಿಂಗಳಲ್ಲಿ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಆಗಲಿ ಅಂತ ಸಂಪುಟ ತೀರ್ಮಾನವೂ ಮಾಡ್ತು. ಸಂತೋಷ. ನನ್ನ ಪ್ರಶ್ನೆ ಒಂದೇ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕಿನಲ್ಲಿ ಕಲಿತ ಕೋಚ್ ಇರೋ ಬಾಕ್ಸಿಂಗ್ ರಿಂಗ್ ಎಷ್ಟಿದೆ? ಲೆಕ್ಕ ಕೊಡಿ, ಇದೇ ಕುರ್ಚಿಯಲ್ಲಿ ಕೂತು ಓದ್ತೀನಿ. ಕೋಚ್ ಇಲ್ಲದ ಕಡೆ ಸೂಜಿ ಮಾರೋನೇ ಗುರು ಆಗ್ತಾನೆ. ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಖಾಸಗಿಯವರು ಕಟ್ಟಿದ ಕ್ರೀಡಾ ಸಂಸ್ಥೆ ಇದೆ. ಅಲ್ಲಿ ತರಬೇತಿ ಪಡೆದ ಹರಿಯಾಣದ ನಿಶಾಂತ್ ದೇವ್ ಈ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲೇ ವೃತ್ತಿಪರ ಬಾಕ್ಸಿಂಗ್ ಶುರು ಮಾಡಿದ. ಹರಿಯಾಣದ ಹುಡುಗ ಕರ್ನಾಟಕಕ್ಕೆ ಬಂದು ಕಲೀಬಹುದು ಅಂದ್ರೆ ಮಾಗಡಿ ಹುಡುಗ ಯಾಕೆ ಕಲೀಬಾರದು?

ಯಜಮಾನ್ರೇ, ಸೂಜಿ ಬೇಡ. ಪೌಡರನ್ನೂ ವೈದ್ಯರು ಹೇಳದೆ ಕೊಡಿಸ್ಬೇಡಿ. ಮೊದಲು ಹುಡುಗನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ ರಕ್ತ, ಹೃದಯ, ಕಣ್ಣು ತೋರಿಸಿ. ಆಮೇಲೆ ಮೈಸೂರು ರಸ್ತೆ ಬಸ್ ಹತ್ತಿ. ಕೆಂಗೇರಿ ದಾಟಿದ ಮೇಲೆ ಜ್ಞಾನಭಾರತಿ ಹತ್ತಿರವೇ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ ಇದೆ, ಅಲ್ಲಿ ವಿಚಾರಿಸಿ. ಈಗಿರೋ ತೂಕದಲ್ಲೇ ಅವನು ಆಡ್ಲಿ. ಸೋತರೆ ಬಯ್ಯಬೇಡಿ, ಜ್ವರಕ್ಕೆ ಕೂತಿದ್ದಾನೆ ಅಂದ್ಕೊಳ್ಳಿ. ಮನೆಯಲ್ಲಿ ಹೊಟ್ಟೆ ತುಂಬ ರಾಗಿಮುದ್ದೆ, ಕಾಳು, ಮೊಟ್ಟೆ ಹಾಕಿ. ಪಿಯುಸಿ ಮಾತ್ರ ಬಿಡಿಸ್ಬೇಡಿ.

ನಾಳೆ ರಾತ್ರಿ ಮತ್ತೆ ಕುರ್ಚಿ ಕದನ ಇದ್ದೇ ಇರುತ್ತೆ.