ಚಳಿಜ್ವರವೂ ಚೀನದ ಸೊಪ್ಪೂ



ಬ್ಯಾಂಕಿನ ಗುಮಾಸ್ತನಿಗೆ ವೈದ್ಯದ ಮಾತೇಕೆ ಎಂದೀರಿ. ಈ ಮಳೆಗಾಲದಲ್ಲಿ ನನ್ನ ಮಗನಿಗೆ ಚಳಿಜ್ವರ ಬಂದಿತು. ರಾಯಚೂರಿನಿಂದ ಬಂದಿದ್ದ ತಾಯಿಯವರ ಕಷಾಯವನ್ನೇ ನಂಬಿ ನಾಲ್ಕು ದಿನ ಕಳೆದೆ. ಐದನೆಯ ದಿನ ರಕ್ತಪರೀಕ್ಷೆಯಲ್ಲಿ ಮಲೇರಿಯಾ ಎಂದು ತಿಳಿಯಿತು.

ನಮ್ಮ ಬೇಗಂಪೇಟೆಯಲ್ಲಿಯೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸರು ಸೊಳ್ಳೆಯ ಹೊಟ್ಟೆಯಲ್ಲಿ ಈ ರೋಗಾಣುವನ್ನು ಕಂಡರು. ವೈದ್ಯರು ಮಗನಿಗೆ ಕೊಟ್ಟ ಮಾತ್ರೆಯ ಮೂಲವಾದರೋ ಚೀನದ ಒಂದು ಸೊಪ್ಪು. ನಾಲ್ಕನೆಯ ಶತಮಾನದ ಗೆ ಹಾಂಗ್ ಎಂಬವರ ಗ್ರಂಥದಲ್ಲಿ, ಈ ಸೊಪ್ಪನ್ನು ನೀರಿನಲ್ಲಿ ನೆನೆಸಿ ಹಿಂಡಿ ಕುಡಿಯಬೇಕೆಂದಿತ್ತು, ಕುದಿಸುವ ಮಾತಿರಲಿಲ್ಲ. (ನಾವೋ, ಸೊಪ್ಪು ಕಂಡೊಡನೆ ಒಲೆಗೇರಿಸುವವರು!) ಕಾವಿಗೆ ಗುಣ ಕೆಡುವುದೆಂದು ಊಹಿಸಿದ ತು ಯೂಯೂ ಎಂಬ ವಿಜ್ಞಾನಿ 1971ರಲ್ಲಿ ಈಥರಿನಿಂದ, ಕಡಿಮೆ ಕಾವಿನಲ್ಲಿ ಸಾರ ತೆಗೆದರು. ರೋಗಿಗಳಿಗೆ ಕೊಡುವ ಮುನ್ನ ತಾವೇ ಸೇವಿಸಿ ನೋಡಿದರು. 2015ರಲ್ಲಿ ನೊಬೆಲ್ ಬಂದಿತು. ಆದರೂ ಆ ಸೊಪ್ಪಿನ ಚಹವನ್ನು ಮಲೇರಿಯಾಕ್ಕೆ ಮದ್ದೆಂದು ಕುಡಿಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಕಟ್ಟಿನಿಂದ ಕಟ್ಟಿಗೆ ಸತ್ವ ಹೆಚ್ಚುಕಡಿಮೆ.

ಇದನ್ನೆಲ್ಲ ತಾಯಿಯವರಿಗೆ ಹೇಳಿದೆ. "ಹಂಗಾದ್ರ ಹಳೀ ಪುಸ್ತಕ ಸುಳ್ಳಲ್ಲ ಬಿಡಪ್ಪ" ಎಂದರು. ಅಲ್ಲ ನಿಜ. ಆ ನಾಲ್ಕು ದಿನಗಳು ಮಾತ್ರ ನನ್ನ ಲೆಕ್ಕಕ್ಕೇ ಸೇರಿದವು. ನಮ್ಮ ಮನೆಯಲ್ಲಿ ನೆಗಡಿಗೆ ಈಗಲೂ ಕಷಾಯವೇ. ನಡುಕ ಬಂದರೆ ಮೊದಲು ರಕ್ತಪರೀಕ್ಷೆ.