ಹೊಸಪೇಟೆ ಕೋರ್ಟಿನಲ್ಲಿ ಸೀನಿಯರ್ ಯಾರು?



ಹೊಸಪೇಟೆ ಕೋರ್ಟಿನ ಮುಂದೆ ನಿಂತು, "ಇಲ್ಲಿ ಸೀನಿಯರ್ ಲಾಯರ್ ಯಾರ್ರೀ?" ಅಂತ ಯಾರನ್ನಾದರೂ ಕೇಳಿ. ತಕ್ಷಣ ಒಂದು ಹೆಸರು ಹೇಳ್ತಾರೆ. ತಲೆ ನರೆತವರು, ಮೂವತ್ತು ವರ್ಷ ಪ್ರಾಕ್ಟೀಸ್ ಮಾಡಿದವರು, ಜೂನಿಯರ್‌ಗಳನ್ನು ಬೆಳೆಸಿದವರು. ಆದರೆ ಕಾನೂನಿನ ಲೆಕ್ಕವೇ ಬೇರೆ. ವಯಸ್ಸಾದ ಮಾತ್ರಕ್ಕೆ ಯಾರೂ ಸೀನಿಯರ್ ಆಗೋದಿಲ್ಲ.

1961ರ ವಕೀಲರ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ ವಕೀಲರಲ್ಲಿ ಎರಡು ವರ್ಗ. ಒಂದು ಹಿರಿಯ ವಕೀಲರು, ಇನ್ನೊಂದು ಉಳಿದವರೆಲ್ಲ. ಆ ಪಟ್ಟ ಕೊಡುವ ಅಧಿಕಾರ ಇರೋದು ಸುಪ್ರೀಂ ಕೋರ್ಟಿಗೆ ಮತ್ತು ಹೈಕೋರ್ಟುಗಳಿಗೆ ಮಾತ್ರ. ಸಾಮರ್ಥ್ಯ, ವಕೀಲ ವೃಂದದಲ್ಲಿರುವ ಸ್ಥಾನಮಾನ, ಕಾನೂನಿನ ವಿಶೇಷ ಜ್ಞಾನ ನೋಡಿ, ವಕೀಲರ ಒಪ್ಪಿಗೆ ಪಡೆದು ಕೊಡಬೇಕು. ಪಟ್ಟ ಬಂದ ಮೇಲೆ ಕಟ್ಟುಪಾಡೂ ಬರುತ್ತೆ. ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ಹಿಡಿಯುವಂತಿಲ್ಲ, ಇನ್ನೊಬ್ಬ ವಕೀಲರಿಲ್ಲದೆ ವಾದಕ್ಕೆ ನಿಲ್ಲುವಂತಿಲ್ಲ. ಅಂದರೆ ಕಕ್ಷಿದಾರನಿಗೆ ಎರಡು ಫೀಸು!

ಈ ಪಟ್ಟ ಕೊಡುವಾಗ ಮುಖ ನೋಡಿ ಮಣೆ ಹಾಕ್ತಾರೆ ಅನ್ನೋದು ಹಳೇ ದೂರು. ಸುಪ್ರೀಂ ಕೋರ್ಟಿಗೆ ಹೋಗಿ ಇದನ್ನು ಪ್ರಶ್ನಿಸಿದವರು ಇಂದಿರಾ ಜೈಸಿಂಗ್. 1986ರಲ್ಲಿ ಬಾಂಬೆ ಹೈಕೋರ್ಟಿನಿಂದ ಇದೇ ಪಟ್ಟ ಪಡೆದ ಮೊದಲ ಮಹಿಳೆ ಅವರು. ತಾನು ಏರಿದ ಏಣಿ ಸರಿಯಿಲ್ಲ ಅಂತ ತಾನೇ ಹೇಳೋದಕ್ಕೆ ಧೈರ್ಯ ಬೇಕು. 2017ರ ಅಕ್ಟೋಬರ್ 12ರಂದು ತೀರ್ಪು ಬಂತು. ನೂರು ಅಂಕದ ಲೆಕ್ಕ. ಅನುಭವಕ್ಕೆ 20, ವಾದಿಸಿದ ಕೇಸುಗಳ ತೀರ್ಪುಗಳಿಗೆ 40, ಪ್ರಕಟಣೆಗೆ 15, ಸಂದರ್ಶನಕ್ಕೆ 25. 2023ರಲ್ಲಿ ತೀರ್ಪುಗಳ ಅಂಕ 50ಕ್ಕೆ ಏರಿತು, ಪ್ರಕಟಣೆಯದು 5ಕ್ಕೆ ಇಳೀತು.

ನಾನು ಇಂಜಿನಿಯರಿಂಗ್ ಓದಿದವನು. ಅಂಕ ಅಂದರೆ ನ್ಯಾಯ ಅಂತ ನಂಬಿ ಬೆಳೆದವನು. ಹಾಗಂತ ಕೆಲವೇ ನಿಮಿಷದ ವೈವಾದಲ್ಲಿ ಯಾರ ನಸೀಬು ಹೇಗೆ ತಿರುಗುತ್ತೆ ಅನ್ನೋದನ್ನೂ ನೋಡಿದವನು. 2025ರ ಮೇ 13ರಂದು ಸುಪ್ರೀಂ ಕೋರ್ಟ್ ಅಂಕ ಪದ್ಧತಿಯನ್ನೇ ಕೈಬಿಟ್ಟಿತು. ಇನ್ನು ನ್ಯಾಯಮೂರ್ತಿಗಳೆಲ್ಲ ಸೇರಿದ ಫುಲ್ ಕೋರ್ಟ್ ನಿರ್ಧರಿಸಬೇಕು, ಹೈಕೋರ್ಟುಗಳು ನಾಲ್ಕು ತಿಂಗಳಲ್ಲಿ ನಿಯಮ ಬದಲಿಸಬೇಕು ಅಂತು. ಅದೇ ತೀರ್ಪಿನಲ್ಲಿ ನಮ್ಮೂರಿಗೆ ಸಂಬಂಧಪಟ್ಟ ಇನ್ನೊಂದು ಮಾತಿದೆ. ವಿಚಾರಣಾ ನ್ಯಾಯಾಲಯ, ಜಿಲ್ಲಾ ನ್ಯಾಯಾಲಯದ ವಕೀಲರ ಪಾತ್ರ ಕಡಿಮೆಯದೇನಲ್ಲ, ಅವರನ್ನೂ ಪಟ್ಟಕ್ಕೆ ಪರಿಗಣಿಸಬೇಕು.

ಯಾಕೆ ಮುಖ್ಯ ಹೇಳ್ತೀನಿ. 2011ರ ಜುಲೈ ತಿಂಗಳು ನೆನಪಿಸಿಕೊಳ್ಳಿ. ಹಂಪಿ ಬಜಾರಿನಲ್ಲಿ ಮನೆ, ಅಂಗಡಿ ನೆಲಕ್ಕುರುಳಿದವು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಸಂಡೂರಿನ ಬೆಟ್ಟ ಉಳೀತು ಅಂತ ಕೆಲವರು ನಿಟ್ಟುಸಿರು ಬಿಟ್ಟರು, ಲಾರಿ ನಿಂತಿತು ಅಂತ ಕೆಲವರು ತಲೆ ಮೇಲೆ ಕೈ ಹೊತ್ತರು. ನಮ್ಮ ನೆಲದ ಭವಿಷ್ಯ ನಿರ್ಧಾರ ಆಗಿದ್ದು ಕೋರ್ಟಿನಲ್ಲಿ. ಇನ್ನೊಂದು ವಿಷಯ ಗಮನಿಸಿ. ಗಣಿ ಕೇಸಿನಲ್ಲಿ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಪರ ವಾದಿಸಿದ ಪ್ರಶಾಂತ್ ಭೂಷಣ್ ಅವರಿಗೆ ಹಿರಿಯ ವಕೀಲರ ಪಟ್ಟ ಇರಲಿಲ್ಲ. ಪಟ್ಟ ಬೇರೆ, ದಮ್ಮು ಬೇರೆ.

ಆದರೂ ಪಟ್ಟಕ್ಕೆ ಬೆಲೆ ಇದೆ. ಕಂಪ್ಲಿಯ ರೈತನ ಜಮೀನಿನ ದಾವೆ ಶುರುವಾಗೋದು ಕೆಳಗಿನ ಕೋರ್ಟಿನಲ್ಲಿ. ಸಾಕ್ಷಿ ದಾಖಲಾಗೋದು, ಪಾಟೀಸವಾಲು ನಡೆಯೋದು ಅಲ್ಲೇ. ಅಲ್ಲಿ ತಪ್ಪಿದ ಒಂದು ಪ್ರಶ್ನೆಯನ್ನು 150 ಕಿಲೋಮೀಟರಿಗೂ ದೂರದ ಧಾರವಾಡ ಪೀಠದಲ್ಲಾಗಲಿ, ದೆಹಲಿಯಲ್ಲಾಗಲಿ ಎಂಥಾ ಸೀನಿಯರ್ ಬಂದರೂ ಸರಿಪಡಿಸೋದು ಕಷ್ಟ. ಅಡಿಪಾಯ ಹಾಕುವವನು ಇಲ್ಲಿ, ಹಾರ ಬೀಳೋದು ಕಳಸ ಇಟ್ಟವನ ಕೊರಳಿಗೆ. ಇದು ಯಾವ ನ್ಯಾಯ ಸ್ವಾಮಿ?

ಪಟ್ಟ ಬಂದ ವಕೀಲರು ರೈತನ ಕೈಗೆ ಸಿಗ್ತಾರಾ, ಎರಡು ಫೀಸು ಕೊಡೋರು ಯಾರು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಪಟ್ಟ ಬೇಡ ಅನ್ನುವ ಸ್ವಾತಂತ್ರ್ಯ ವಕೀಲರಿಗೆ ಇದೆ, ಅವರ ಒಪ್ಪಿಗೆ ಇಲ್ಲದೆ ಯಾರೂ ಕೊಡುವಂತಿಲ್ಲ. ಆದರೆ ಬೇಡ ಅನ್ನೋದಕ್ಕೂ ಮೊದಲು ಯಾರಾದರೂ ಬೇಕಾ ಅಂತ ಕೇಳಬೇಕಲ್ಲ! ತಾಲ್ಲೂಕು ಕೋರ್ಟಿನಲ್ಲೇ ಕೂತರೂ ದೊಡ್ಡ ವಕೀಲ ಆಗಬಹುದು ಅನ್ನೋದು ಗೊತ್ತಾದರೆ, ಸಂಡೂರಿನ, ಕಂಪ್ಲಿಯ ಜಾಣ ಹುಡುಗಿ ಕಾನೂನು ಓದಿ ಬೆಂಗಳೂರು ಬಸ್ಸು ಹತ್ತುವ ಮುಂಚೆ ಒಂದು ಸಲ ಯೋಚಿಸ್ತಾಳೆ.

ತೀರ್ಪಿನಲ್ಲಿ ಬರೆದದ್ದು ಜಾರಿಯಾಗಲಿ. ಮುಂದಿನ ಸಲ ಪಟ್ಟಿ ಹೊರಬಿದ್ದಾಗ ನಾನು ಮೊದಲು ಹುಡುಕೋದು ಹೆಸರನ್ನಲ್ಲ, ಊರನ್ನು. ನೀವೂ ಹುಡುಕಿ.